ಹ್ಯಾಂಡಲ್ ಮೇಷ್ಟ್ರು

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಓದಿದ್ದು ಹತ್ತನೇ ತರಗತಿ, ಅದೂ ಗಣಿತಕ್ಕೆ ಎರಡು ಸಲ ಕೂತು. ವಿದ್ಯುತ್ ಇಲಾಖೆಯ ಸಬ್‌ಸ್ಟೇಷನ್ನಿನಲ್ಲಿ ಇಪ್ಪತ್ತನಾಲ್ಕು ವರ್ಷ ಆಪರೇಟರ್ ಆಗಿದ್ದು, ಆಮೇಲೆ ಏಳು ವರ್ಷ ಸೋಲಾರ್ ಹಾಕಿಸಿಕೊಂಡ ಮನೆಯವರಿಗೆ ಒಂದೇ ಪಾಠ ಹೇಳಿಕೊಂಡು ಬೀದಿ ಬೀದಿ ತಿರುಗಿದ ಮನುಷ್ಯ. 'ಕರೆಂಟ್ ಹೋದ್ರೆ ಮೊದ್ಲು ಹ್ಯಾಂಡಲ್ ಇಳಿಸಿ. ಆಮೇಲೆ ಹಸಿರು ಬಟನ್ ಒತ್ತಿ.' ಇಷ್ಟೇ ಪಾಠ. ಸಾಮಾನು ತರಲು ಅಂಗಡಿಗೆ ಹೋದರೂ ಜನ ಬಿಡುತ್ತಿರಲಿಲ್ಲ. 'ಏನ್ ಹ್ಯಾಂಡಲ್ ಮೇಷ್ಟ್ರೇ, ಇವತ್ತು ಎಷ್ಟು ಮನೇಲಿ ಇಳಿಸಿದ್ರಿ?' ಎಂದು ಕಾಲೆಳೆಯುತ್ತಿದ್ದರು. ಅವರು ನಕ್ಕಂತೆ ಮಾಡಿ, ಚೀಲ ಹಿಡಿದು ಮನೆಗೆ ಬರುತ್ತಿದ್ದರು.

ಈ ಪಾಠ ಅವರ ಕೊರಳಿಗೆ ಹೇಗೆ ಬಿತ್ತು ಎಂಬುದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿದ್ದದ್ದರಲ್ಲಿ ಒಂದು ಸುಳ್ಳಿತ್ತು. ಆ ಸುಳ್ಳನ್ನು ಹೇಳಿದವರೂ ಅವರೇ.

ಸಬ್‌ಸ್ಟೇಷನ್ ಊರಾಚೆ ಇತ್ತು. ತಂತಿ ಬೇಲಿ, ಜಲ್ಲಿ ಹಾಸಿದ ಅಂಗಳ, ಹಗಲೂ ರಾತ್ರಿ ಗುಂಯ್‌ಗುಡುವ ಎರಡು ಟ್ರಾನ್ಸ್‌ಫಾರ್ಮರು, ಒಂದು ಕೋಣೆ. ಕೋಣೆಯಲ್ಲಿ ಗೋಡೆಯಗಲದ ಮೀಟರುಗಳು, ಸ್ಪಂಜು ಹೊರಬಂದ ಕುರ್ಚಿ, ಕಪ್ಪು ಫೋನು. ಬೀದಿಯಲ್ಲಿ ಎಲ್ಲಿ ತಂತಿ ಕೆಟ್ಟರೂ ಲೈನ್‌ಮನ್ ಅಲ್ಲಿಂದ ಫೋನ್ ಮಾಡುತ್ತಿದ್ದ. ಮೇಷ್ಟ್ರು ಆ ಬೀದಿಯ ಸ್ವಿಚ್ಚನ್ನು ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಕೆಂಪು ಹಲಗೆ ನೇತುಹಾಕಿ, ಫೋನೆತ್ತಿ 'ಲೈನ್ ಕ್ಲಿಯರ್' ಎನ್ನಬೇಕು. ಲೈನ್‌ಮನ್ ತಿರುಗಿ 'ಲೈನ್ ಕ್ಲಿಯರ್' ಎನ್ನಬೇಕು. ಆಮೇಲೆಯೇ ಕಂಬಕ್ಕೆ ಕಾಲಿಡುವುದು. ಕಾಗದ ಪತ್ರ ಏನಿದ್ದರೂ ಸಂಜೆಗೆ. ಒಬ್ಬನ ಬಾಯಿಮಾತಿನ ಮೇಲೆ ಇನ್ನೊಬ್ಬ ಬರಿಗೈಯಲ್ಲಿ ತಂತಿ ಹಿಡಿಯುವ ಕೆಲಸ ಅದು.

ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಸುಳ್ಳಾಗುವುದಾದರೂ ಹೇಗೆ? ಕರೆಂಟು ಬರುತ್ತಿದ್ದದ್ದು ಒಂದೇ ದಿಕ್ಕಿನಿಂದ. ಕಲ್ಲಿದ್ದಲು ಸುಡುವ ಸ್ಥಾವರದಿಂದ ಸಬ್‌ಸ್ಟೇಷನ್ನಿಗೆ, ಅಲ್ಲಿಂದ ಬೀದಿಗೆ, ಬೀದಿಯಿಂದ ಮನೆಗೆ. ತೂಬು ಮುಚ್ಚಿದರೆ ಕಾಲುವೆ ಒಣಗುವ ಹಾಗೆ, ಸ್ವಿಚ್ ಆಫ್ ಆದರೆ ಮುಂದೆ ಏನೂ ಇಲ್ಲ. ತಂತಿ ತುಂಡಾದಾಗ ಲೈನ್‌ಮನ್ ಸಬ್‌ಸ್ಟೇಷನ್ ಕಡೆಯ ತುದಿಗೆ ಟೆಸ್ಟರ್ ಹಿಡಿದು ನೋಡುತ್ತಿದ್ದ. ಮನೆ ಕಡೆಯ ತುದಿಗೆ ಯಾರೂ ಹಿಡಿಯುತ್ತಿರಲಿಲ್ಲ. ಮನೆಯೊಳಗಿಂದ ಕರೆಂಟು ಹೊರಗೆ ಬರುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ, ಅವನಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳುತ್ತಿದ್ದರು.

ಅವರ ಬೀದಿಯ ಲೈನ್‌ಮನ್ ಅಂದರೆ ಅವರ ಭಾವ, ಅಕ್ಕನ ಗಂಡ. ದಪ್ಪ ಮೀಸೆಯ, ಸಣ್ಣ ದೇಹದ ಮನುಷ್ಯ. ಕಂಬ ಹತ್ತುವುದರಲ್ಲಿ ಎತ್ತಿದ ಕೈ, ಹೆಂಡತಿಗೆ ಎದುರಾಡುವುದರಲ್ಲಿ ಮಾತ್ರ ಬೆಕ್ಕಿನ ಮರಿ. ಪ್ರತಿ ಸಲ ಲೈನ್ ಕ್ಲಿಯರ್ ತೆಗೆದುಕೊಂಡ ಮೇಲೆ ಫೋನಿಡುವ ಮುಂಚೆ ಒಂದು ಮಾತು ಸೇರಿಸುತ್ತಿದ್ದ. 'ಸುಳ್ಳೇನಾದ್ರೂ ಆದ್ರೆ ನಿಮ್ಮಕ್ಕ ನಿನ್ನ ಸುಮ್ನೆ ಬಿಡಲ್ಲ ನೋಡು, ಬಾಮೈದ.' ಮೇಷ್ಟ್ರು ಪ್ರತಿ ಸಲವೂ ನಗುತ್ತಿದ್ದರು.

ಆಗ ಬಂತು ರಾಷ್ಟ್ರೀಯ ಯೋಜನೆ. ಹನ್ನೆರಡು ವರ್ಷದಲ್ಲಿ ದೇಶದ ಅರ್ಧ ವಿದ್ಯುತ್ತು ಬಿಸಿಲು ಗಾಳಿಯಿಂದಲೇ ಬರಬೇಕು, ಪ್ರತಿ ಮೂರನೇ ಮನೆಯ ಮಾಳಿಗೆ ಒಂದು ಪುಟ್ಟ ಸ್ಥಾವರವಾಗಬೇಕು ಎಂದು ರಾಜಧಾನಿಯಲ್ಲಿ ತೀರ್ಮಾನವಾಯಿತು. ಯೋಜನೆಯ ಪುಸ್ತಕ ಮುನ್ನೂರ ನಲವತ್ತು ಪುಟ. ಸಬ್‌ಸ್ಟೇಷನ್ನಿಗೂ ಒಂದು ಪ್ರತಿ ಬಂತು. ಬಣ್ಣಬಣ್ಣದ ನಕ್ಷೆ, ಮೇಲೆ ಮೇಲೆ ಹೋಗುವ ಗೆರೆಗಳು, ಗೆರೆಗಳ ತುದಿಯಲ್ಲಿ ಗುರಿಗಳು. ಕೆಟ್ಟ ಯೋಜನೆ ಎಂದು ಮೇಷ್ಟ್ರು ಎಂದೂ ಹೇಳಿದವರಲ್ಲ. ಸ್ಥಾವರದ ಹೊಗೆಯಲ್ಲೇ ಹುಟ್ಟಿ ಬೆಳೆದ ಅವರ ಹೆಂಡತಿಯ ಶ್ವಾಸಕೋಶ ಎರಡೂ ಹಾಳಾಗಿದ್ದವು. ಹಾಸಿಗೆ ಪಕ್ಕದ ಆಕ್ಸಿಜನ್ ಮಷೀನ್ ನಿಂತರೆ ಹತ್ತು ನಿಮಿಷದಲ್ಲಿ ತುಟಿ ನೀಲಿಯಾಗುತ್ತಿತ್ತು. ಹಾಗಾಗಿ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಸೋಲಾರ್ ಹಾಕಿಸಿದ್ದು ಅವರೇ. ಮಾಳಿಗೆ ಮೇಲೆ ಆರು ಹಲಗೆ, ಮೆಟ್ಟಿಲ ಕೆಳಗೆ ಬ್ಯಾಟರಿ, ಗೋಡೆಗೆ ಒಂದು ಬೂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೊಂದು ಹಸಿರು ಬಟನ್, ಪಕ್ಕದಲ್ಲಿ ಕಬ್ಬಿಣದ ಹ್ಯಾಂಡಲ್. ಹ್ಯಾಂಡಲ್ ಮೇಲಿದ್ದರೆ ಮನೆಗೂ ಬೀದಿಗೂ ಸಂಬಂಧ. ಇಳಿಸಿದರೆ ಸಂಬಂಧ ಕಡಿದ ಹಾಗೆ. ಕರೆಂಟು ಹೋದಾಗ ಇಳಿಸಿ, ಆಮೇಲೆ ಬಟನ್ ಒತ್ತಬೇಕು. ಹ್ಯಾಂಡಲ್ ಇಳಿಸದೆ ಒತ್ತಿದರೆ ಬ್ಯಾಟರಿಯ ಕರೆಂಟು ಮನೆ ದಾಟಿ ಬೀದಿಯ ತಂತಿಗೆ ಹೋಗುತ್ತದೆ. ಇದನ್ನು ಮೇಷ್ಟ್ರು ಹೆಂಡತಿಗೆ ಒಮ್ಮೆ ಹೇಳಿದ್ದರು. ಅವರು ಡ್ಯೂಟಿಗೆ ಹೋದಾಗ ಹೆಂಡತಿಯನ್ನು ನೋಡಿಕೊಳ್ಳಲು ಬರುತ್ತಿದ್ದ ಅಕ್ಕನಿಗೆ ಹೇಳಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಿದ್ದರು. ಮೂರು ವಾರ ಹಾಗೇ ಹೋಯಿತು.

ಆ ದಿನ ಮಧ್ಯಾಹ್ನ ವಿಪರೀತ ಗಾಳಿ. ಮೂರು ಗಂಟೆಯ ಹೊತ್ತಿಗೆ ಭಾವನ ಫೋನು ಬಂತು.

'ಬಾಮೈದ, ನಿಮ್ಮ ಬೀದೀಲೇ ಕಣಯ್ಯ. ಕೊನೇ ಕಂಬದ ಹತ್ರ ತಂತಿ ತುಂಡಾಗಿದೆ. ಅದರಾಚೆ ನಿಮ್ಮನೆ ಒಂದೇ ಇರೋದು. ಐದು ನಿಮಿಷದ ಕೆಲ್ಸ.'

ಮೇಷ್ಟ್ರು ಸ್ವಿಚ್ ಆಫ್ ಮಾಡಿದರು, ಬೀಗ ಹಾಕಿದರು, ಕೆಂಪು ಹಲಗೆ ನೇತುಹಾಕಿದರು. ಫೋನಿಗೆ ವಾಪಸು ಬರುವಾಗ ಹೆಂಡತಿಯ ಮಷೀನಿನ ನೆನಪಾಯಿತು. ಅಕ್ಕ ಇದ್ದಾಳೆ, ಬ್ಯಾಟರಿ ಇದೆ, ಏನೂ ಭಯವಿಲ್ಲ ಎಂದು ಸಮಾಧಾನ ಮಾಡಿಕೊಂಡರು. ಮುಂದೆ ಏಳು ವರ್ಷ ಅವರ ನಿದ್ದೆ ಕೆಡಿಸಿದ್ದು ಈ ಸಮಾಧಾನವೇ. ತುಂಡಾದ ತಂತಿಯೂ ತಲೆಯಲ್ಲಿತ್ತು, ಬ್ಯಾಟರಿಯೂ ತಲೆಯಲ್ಲಿತ್ತು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಲಿಲ್ಲ. ಇಪ್ಪತ್ತನಾಲ್ಕು ವರ್ಷ ಕರೆಂಟನ್ನು ಕಳಿಸುವವರಾಗಿದ್ದರು. ಅದು ಹೊರಡುವ ಇನ್ನೊಂದು ಜಾಗ ತಮ್ಮ ಮನೆಯೇ ಎಂದು ಅವರ ಬುದ್ಧಿಗೆ ಹೊಳೆಯಲೇ ಇಲ್ಲ.

'ಲೈನ್ ಕ್ಲಿಯರ್,' ಎಂದರು.

'ಲೈನ್ ಕ್ಲಿಯರ್,' ಎಂದ ಭಾವ. 'ಸುಳ್ಳೇನಾದ್ರೂ ಆದ್ರೆ ನಿಮ್ಮಕ್ಕ ನಿನ್ನ ಸುಮ್ನೆ ಬಿಡಲ್ಲ ನೋಡು.'

ಕಂಬ ಹತ್ತಿ, ಬೀದಿ ಕಡೆಯ ತುದಿಗೆ ಟೆಸ್ಟರ್ ಹಿಡಿದು ನೋಡಿದ. ಏನೂ ಇರಲಿಲ್ಲ. ಮನೆ ಕಡೆಯ ತುದಿಯನ್ನು ಎಡಗೈಯಲ್ಲಿ ಹಿಡಿದೆಳೆದ. ಅಷ್ಟೇ.

ಜನ ಕೂಗಿದ್ದು ಕೇಳಿ ಮನೆಯಿಂದ ಓಡಿ ಬಂದವರಲ್ಲಿ ಮೊದಲಿಗಳು ಅಕ್ಕ. ಕಂಬದ ಬುಡದಲ್ಲಿ ಬಿದ್ದಿದ್ದ ಗಂಡನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡು ಕೂತವಳು, ಸುತ್ತ ನಿಂತವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳಂತೆ. 'ಇನ್ನೂ ಬಿಸಿ ಇದೆ. ಏಳ್ತಾರೆ. ಇನ್ನೂ ಬಿಸಿ ಇದೆ.' ಆಂಬುಲೆನ್ಸ್ ಬಂದ ಮೇಲೂ ಕೈ ಬಿಟ್ಟಿರಲಿಲ್ಲ.

ಮೇಷ್ಟ್ರು ಸಬ್‌ಸ್ಟೇಷನ್ನಿನಿಂದ ಬರುವ ಹೊತ್ತಿಗೆ ಬೀದಿ ಖಾಲಿಯಾಗಿತ್ತು. ಮನೆಯೊಳಗೆ ಹೆಂಡತಿಯ ಮಷೀನ್ ಓಡುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಅವರಿಗೆ ಎಲ್ಲವೂ ತಿಳಿದುಹೋಯಿತು. ಹೋಗಿ ನೋಡಿದರೆ ಹ್ಯಾಂಡಲ್ ಮೇಲಿದೆ, ಹಸಿರು ಬಟನ್ ಉರಿಯುತ್ತಿದೆ. ಹ್ಯಾಂಡಲನ್ನು ಇಳಿಸಿ ಅಲ್ಲೇ ಗೋಡೆಗೆ ಹಣೆ ಒರಗಿಸಿ ನಿಂತರು.

ಹೆಂಡತಿ ಹಾಸಿಗೆಯಿಂದ ಹೇಳಿದಳು. 'ನಂಗೆ ಉಸಿರು ಕಟ್ತಾ ಇತ್ತು. ಹಸಿರು ಬಟನ್ ಒತ್ತಿ ಅಂತ ನಾನೇ ಅಂದೆ. ಅಕ್ಕ ಒತ್ತಿದ್ರು. ಹ್ಯಾಂಡಲ್ ನೆನಪೇ ಆಗ್ಲಿಲ್ಲ ಕಣ್ರೀ.' ಆಮೇಲೆ, ಉಸಿರು ಎಳೆದುಕೊಂಡು, 'ಅಕ್ಕಂಗೆ ಹೇಳ್ಬೇಡಿ. ತಾನು ಒತ್ತಿದ್ದಕ್ಕೇ ಹಿಂಗಾಯ್ತು ಅಂತ ಗೊತ್ತಾದ್ರೆ ಅವರು ಉಳಿಯಲ್ಲ,' ಎಂದಳು.

ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ಇಬ್ಬರಿಗೂ ಆ ಪೆಟ್ಟಿಗೆಯ ತಲೆಬುಡ ಗೊತ್ತಿರಲಿಲ್ಲ. ಮೇಷ್ಟ್ರು ಅಕ್ಕನ ಎದುರಿನಲ್ಲೇ ಹೇಳಿದರು, 'ಬೆಳಿಗ್ಗೆ ರಿಪೇರಿ ಮಾಡ್ತಾ ಹ್ಯಾಂಡಲ್ ಎತ್ತಿ ಮರೆತು ಹೋಗಿದ್ದೆ. ಕರೆಂಟ್ ಹೋದ್ರೆ ಬ್ಯಾಟರಿ ತಾನಾಗೇ ಶುರುವಾಗುತ್ತೆ. ಯಾರೂ ಏನೂ ಒತ್ತಬೇಕಾಗಿಲ್ಲ. ತಪ್ಪು ಪೂರ್ತಿ ನಂದೇ.' ಅಧಿಕಾರಿಗಳು ಬರೆದುಕೊಂಡರು. ತಾನು ಬಟನ್ ಒತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅಕ್ಕ ನಂಬಿದಳು. ಮೇಷ್ಟ್ರನ್ನು ಆಪರೇಟರ್ ಕುರ್ಚಿಯಿಂದ ಎಬ್ಬಿಸಿ, ಜನರಿಗೆ ತಿಳಿವಳಿಕೆ ಕೊಡುವ ಕೆಲಸಕ್ಕೆ ಹಾಕಿದರು. ಯೋಜನೆಯ ಪುಸ್ತಕದ ಮುಂದಿನ ಮುದ್ರಣದಲ್ಲಿ ಹೊಸದೊಂದು ಸಾಲು ಸೇರಿತು: 'ತುಂಡಾದ ತಂತಿಯ ಎರಡೂ ತುದಿಗಳನ್ನು ಪರೀಕ್ಷಿಸತಕ್ಕದ್ದು.' ದಪ್ಪ ಮೀಸೆಯ ಭಾವ ಮುನ್ನೂರ ನಲವತ್ತು ಪುಟದಲ್ಲಿ ಒಂದು ಸಾಲಾಗಿ ಸೇರಿಹೋದ. ಆ ಪುಟದ ಸಂಖ್ಯೆ ಮೇಷ್ಟ್ರಿಗೆ ಬಾಯಿಪಾಠ. ಇನ್ನೂರ ಹನ್ನೊಂದು.

ವಿಚಾರಣೆ ಮುಗಿದ ದಿನ ಅಕ್ಕ ಬಾಗಿಲಲ್ಲಿ ನಿಂತು, 'ಕ್ಲಿಯರ್ ಅಂದ್ಯಂತಲ್ಲ,' ಎಂದಳು. ಅದೇ ಕೊನೆಯ ಮಾತು. ತಾಯಿ ತೀರಿಕೊಂಡ ಮೇಲೆ ತಲೆ ಬಾಚಿ ಶಾಲೆಗೆ ಕಳಿಸಿದ ಅಕ್ಕ, ತಮ್ಮನ ಮುಖ ನೋಡುವುದನ್ನೇ ಬಿಟ್ಟಳು. ಎದುರು ಬಂದರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದಳು. ಒಂದೂವರೆ ವರ್ಷದ ನಂತರ ಮೇಷ್ಟ್ರ ಹೆಂಡತಿ ಸತ್ತಾಗ ಬಂದು, ಹೆಣದ ಪಕ್ಕ ಒಂದು ತಾಸು ಕೂತು, ತುಟಿಪಿಟಿಕ್ಕೆನ್ನದೆ ಎದ್ದು ಹೋದಳು. ಊರಿನವರು ಅಕ್ಕನದು ಕಲ್ಲು ಮನಸ್ಸು ಎಂದರು. ಮೇಷ್ಟ್ರಿಗೆ ಮಾತ್ರ ಆ ಕೋಪ ಕಂಡರೆ ಒಂದು ಬಗೆಯ ನೆಮ್ಮದಿ. ಕೋಪ ಇರುವತನಕ ಅಕ್ಕ ಎದ್ದು ಓಡಾಡುತ್ತಾಳೆ, ಉಣ್ಣುತ್ತಾಳೆ, ಹೊಲಿಯುತ್ತಾಳೆ. ಅಕ್ಕ ಮನೆಯಲ್ಲೇ ಮೋಟಾರು ಮಷೀನ್ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಮೇಷ್ಟ್ರು ಸಾಯಂಕಾಲ ಅಕ್ಕನ ಬೀದಿಯ ತುದಿಯಲ್ಲಿ ನಿಂತು ಮಷೀನಿನ ಸದ್ದು ಕೇಳಿ ವಾಪಸು ಬರುತ್ತಿದ್ದದ್ದು ಯಾರಿಗೂ ಗೊತ್ತಿರಲಿಲ್ಲ.

ಪಾಠಕ್ಕೆಂದು ತಾವೇ ಒಂದು ಹಲಗೆ ಮಾಡಿಕೊಂಡಿದ್ದರು. ಎಡಗಡೆ ಅದೇ ಬೂದು ಪೆಟ್ಟಿಗೆ, ಹಸಿರು ಬಟನ್, ಹ್ಯಾಂಡಲ್. ಬಲಗಡೆ ಮೊಣಕೈ ಉದ್ದದ ಮರದ ಕಂಬ, ಅದರ ತುದಿಗೆ ಹಳೇ ಕಾಲದ ಹಳದಿ ಬಲ್ಬು. 'ಇದು ಬಲ್ಬ್ ಅಂದ್ಕೋಬೇಡಿ. ಕಂಬದ ಮೇಲಿರೋ ಮನುಷ್ಯ,' ಎನ್ನುತ್ತಿದ್ದರು. ಆಮೇಲೆ ಯಾರನ್ನಾದರೂ ಕರೆದು, 'ಕರೆಂಟ್ ಹೋಯ್ತು, ಏನ್ಮಾಡ್ತೀರಿ?' ಎಂದು ಕೇಳುತ್ತಿದ್ದರು. ಬಂದಬಂದವರೆಲ್ಲ ಮೊದಲು ಒತ್ತುತ್ತಿದ್ದದ್ದು ಹಸಿರು ಬಟನ್ನೇ. ಬಲ್ಬು ಹತ್ತುತ್ತಿತ್ತು. ಜನ ನಗುತ್ತಿದ್ದರು. 'ಸತ್ತ,' ಎನ್ನುತ್ತಿದ್ದರು ಮೇಷ್ಟ್ರು. ನಗು ನಿಲ್ಲುತ್ತಿತ್ತು. ಏಳು ವರ್ಷದಲ್ಲಿ ನಾಲ್ಕು ಸಾವಿರ ಮನೆ. ಅವರು ಪಾಠ ಹೇಳಿದ ಒಂದು ಬೀದಿಯಲ್ಲೂ ಒಬ್ಬ ಲೈನ್‌ಮನ್ ಸಾಯಲಿಲ್ಲ.

ಯೋಜನೆಯ ಎರಡನೇ ಹಂತದ ಪಟ್ಟಿಯಲ್ಲಿ ಅಕ್ಕನ ಬೀದಿ ಬಂತು. ತಾನಾಗಿಯೇ ಬೀದಿಯ ಸಂಬಂಧ ಕಡಿದುಕೊಳ್ಳುವ ಹೊಸ ಪೆಟ್ಟಿಗೆಗಳು ಅಷ್ಟರಲ್ಲಿ ಬಂದಿದ್ದವು. ಆದರೆ ಗೋದಾಮಿನಲ್ಲಿ ಹಳೇ ಪೆಟ್ಟಿಗೆ ಮುನ್ನೂರು ಉಳಿದಿದ್ದವಲ್ಲ, ವರ್ಷ ಮುಗಿಯುವುದರೊಳಗೆ ಗುರಿ ಮುಟ್ಟಬೇಕಲ್ಲ! ಅವನ್ನೇ ಕೂರಿಸಿದರು. ಕರೆಂಟು ಹೋದಾಗಲೂ ಹೊಲಿಗೆ ನಿಲ್ಲಬಾರದೆಂದು ಅಕ್ಕನೂ ಅರ್ಜಿ ಹಾಕಿದ್ದಳು.

ಮೇಷ್ಟ್ರು ಇಂಜಿನಿಯರ್ ಮೇಡಂ ಎದುರು ಹೋಗಿ ನಿಂತರು. ಆಕೆ ಮಗಳ ವಯಸ್ಸಿನ ಹುಡುಗಿ, ಅವರನ್ನು ಕಂಡರೆ ಗೌರವ.

'ಆ ಬೀದಿಗೆ ಬೇರೆ ಯಾರನ್ನಾದ್ರೂ ಕಳಿಸಿ ಮೇಡಂ.'

'ಕಳಿಸಬಹುದು ಮೇಷ್ಟ್ರೇ. ಆದ್ರೆ ನಿಮಗೇ ಗೊತ್ತಲ್ಲ, ಬೇರೆಯವರು ಚೀಟಿ ಹಂಚಿ, ಟೀ ಕುಡಿದು, ಸಹಿ ಹಾಕಿಸ್ಕೊಂಡು ಬರ್ತಾರೆ. ಅಲ್ಲಿರೋದು ಹಳೇ ಪೆಟ್ಟಿಗೆ. ನೀವು ಹೋದ್ರೆ ನಾನು ನಿಶ್ಚಿಂತೆಯಾಗಿರ್ತೀನಿ.'

ಮೇಷ್ಟ್ರು ಎರಡು ದಿನ ಹಲಗೆಯನ್ನು ಮುಂದಿಟ್ಟುಕೊಂಡು ಕೂತರು. ಬಟನ್ ವಿಷಯ ಬಿಟ್ಟು ಹ್ಯಾಂಡಲ್ ವಿಷಯ ಮಾತ್ರ ಹೇಳಿದರೆ? ಯಾವಾಗ ಇಳಿಸಬೇಕು, ಏಕೆ ಇಳಿಸಬೇಕು ಎಂದು ತಿಳಿಯದೆ ಮರೆತುಬಿಡುತ್ತಾರೆ. ಬ್ಯಾಟರಿ ತಾನಾಗೇ ಶುರುವಾಗುತ್ತದೆ ಎಂದರೆ? ಮೊದಲ ಸಲ ಕರೆಂಟು ಹೋದಾಗಲೇ ಸುಳ್ಳು ಬಯಲಾಗುತ್ತದೆ. ಪಾಠವನ್ನು ಎಲ್ಲಿ ಮಡಚಿದರೂ ಅಕ್ಕನ ಬೆರಳು ಹೊರಗೆ ಕಾಣುತ್ತಿತ್ತು. ಹೇಳದೆ ಬಿಡೋಣವೆಂದರೆ, ಭಾವನ ಜಾಗಕ್ಕೆ ಈಗ ಒಬ್ಬ ಹೆಣ್ಣುಮಗಳು ಬಂದಿದ್ದಳು. ಎರಡು ಮಕ್ಕಳ ತಾಯಿ. ಆ ಬೀದಿಯ ಕಂಬಗಳನ್ನು ಹತ್ತುವವಳು ಅವಳೇ.

ಪಾಠ ಶಾಲೆಯ ಕೋಣೆಯಲ್ಲಿ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರೆಲ್ಲ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಹೊಸ ಲೈನ್‌ಮನ್ ಹೆಣ್ಣುಮಗಳು ಹೆಗಲಿಗೆ ಹಗ್ಗ ಹಾಕಿಕೊಂಡು ಬಾಗಿಲಿಗೊರಗಿ ನಿಂತಿದ್ದಳು. ಅಕ್ಕ ಎರಡನೇ ಸಾಲಿನಲ್ಲಿದ್ದಳು. ಕೊರಳಲ್ಲಿ ಹೊಲಿಗೆಯ ಟೇಪು ಹಾಗೇ ಇತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ಹತ್ತಿರದಿಂದ ಮೇಷ್ಟ್ರು ಅವಳನ್ನು ನೋಡಿ ವರ್ಷಗಳಾಗಿದ್ದವು.

ಹೇಗೋ ಶುರು ಮಾಡಿದರು. ಬಲ್ಬು ತೋರಿಸಿ ಕಂಬದ ಮೇಲಿನ ಮನುಷ್ಯ ಎಂದರು. 'ಕರೆಂಟ್ ಹೋಯ್ತು ಅಂದ್ಕೊಳ್ಳಿ. ಯಾರಾದ್ರೂ ಒಬ್ರು ಬನ್ನಿ,' ಎಂದು ಕೊನೆಯ ಸಾಲಿನ ಅಂಗಡಿಯವನ ಕಡೆ ಕೈ ಮಾಡಿದರು. ಅಂಗಡಿಯವ ನಾಚಿಕೊಂಡು ಕೂತಲ್ಲೇ ಕೂತ.

ಅಕ್ಕ ಎದ್ದು ಬಂದಳು. ತಮ್ಮನ ಮುಖ ನೋಡದೆ ಹಲಗೆಯ ಮುಂದೆ ನಿಂತಳು. ತಡೆಯಬಹುದಿತ್ತು, ಒಂದೇ ಒಂದು ಮಾತು ಸಾಕಿತ್ತು. ಅಕ್ಕ ಕೈ ಚಾಚಿ ಹಸಿರು ಬಟನ್ ಒತ್ತಿದಳು.

ಬಲ್ಬು ಹತ್ತಿತು. ಕೆಲವರು ನಕ್ಕರು. 'ಸತ್ತ' ಎನ್ನಬೇಕಾದ ಜಾಗದಲ್ಲಿ ಮೇಷ್ಟ್ರು ಸುಮ್ಮನೆ ನಿಂತಿದ್ದರು.

ಅಕ್ಕ ಬಲ್ಬನ್ನು ನೋಡಿದಳು. ಬಟನ್ ಮೇಲಿದ್ದ ತನ್ನ ಬೆರಳನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು, 'ಒತ್ತದೇ ಇದ್ದಿದ್ರೆ?'

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಹಗ್ಗ ಹೊತ್ತ ಹೆಣ್ಣುಮಗಳು ಉತ್ತರಕ್ಕೆ ಕಾಯುತ್ತಿದ್ದಳು. ಬೀದಿಯವರೆಲ್ಲ ಕಾಯುತ್ತಿದ್ದರು.

'ಒತ್ತದೇ ಇದ್ರೆ ಹತ್ತಲ್ಲ, ಅಕ್ಕ.'

ಅಕ್ಕ ಹ್ಯಾಂಡಲ್ ಹಿಡಿದು ಇಳಿಸಿದಳು. ಬಲ್ಬು ಆರಿತು. 'ಹಿಂಗಾ?' ಎಂದಳು.

'ಹೂಂ. ಹಂಗೆ.'

ಹೋಗಿ ತನ್ನ ಜಾಗದಲ್ಲಿ ಕೂತಳು. ಮೇಷ್ಟ್ರು ಉಳಿದವರನ್ನು ಒಬ್ಬೊಬ್ಬರನ್ನಾಗಿ ಕರೆದು ಪಾಠ ಮುಗಿಸಿದರು. ಏನು ಹೇಳಿದರೋ ಅವರಿಗೇ ನೆನಪಿಲ್ಲ. ಬಲ್ಬು ಹತ್ತುತ್ತಿತ್ತು, ಆರುತ್ತಿತ್ತು. ಜನ ಸಹಿ ಹಾಕಿ ಹೋದರು. ಲೈನ್‌ಮನ್ ಹೆಣ್ಣುಮಗಳು 'ಬರ್ತೀನಿ ಮೇಷ್ಟ್ರೇ' ಎಂದು ಹೊರಟಳು. ಕೋಣೆಯಲ್ಲಿ ಅವರಿಬ್ಬರೇ ಉಳಿದರು.

'ತಾನಾಗೇ ಶುರುವಾಗುತ್ತೆ ಅಂದಿದ್ಯಲ್ಲ,' ಎಂದಳು ಅಕ್ಕ, ಕೂತಲ್ಲಿಂದಲೇ.

'ಹೂಂ.'

'ನಿನ್ನ ಹೆಂಡ್ತಿಗೂ ಗೊತ್ತಿತ್ತಾ?'

'ಗೊತ್ತಿತ್ತು. ನಿಂಗೆ ಹೇಳ್ಬೇಡಿ ಅಂತ ಅವಳೇ ಅಂದಿದ್ಲು.'

ಅಕ್ಕ ಟೇಪನ್ನು ಕೊರಳಿಂದ ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು. 'ಏಳು ವರ್ಷ ಬೆಳಿಗ್ಗೆ ಎದ್ದ ಕೂಡ್ಲೇ ನಿನ್ನ ಬೈಕೊಳ್ತಿದ್ದೆ ಕಣೋ. ಬೈಕೊಂಡ್ರೆ ಏಳೋಕೆ ಶಕ್ತಿ ಬರ್ತಿತ್ತು. ನಾಳೆ ಬೆಳಿಗ್ಗೆ ಏನ್ಮಾಡ್ಲಿ?'

'ಬೈಕೋ ಅಕ್ಕ. ನಿಲ್ಲಿಸ್ಬೇಡ. ನಿಂಗೆ ತೋರಿಸಿಕೊಡದೇ ಇದ್ದೋನು ನಾನೇ ತಾನೇ? ಕ್ಲಿಯರ್ ಅಂದೋನೂ ನಾನೇ.' ಮೇಷ್ಟ್ರು ಅಳುತ್ತಿದ್ದರು. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

ಅಕ್ಕ ಎದ್ದು ಬಂದು ಹಲಗೆಯ ಸಾಮಾನು ಚೀಲಕ್ಕೆ ತುಂಬಿಸಲು ಕೈ ಹಾಕಿದಳು. ಮರದ ಕಂಬವನ್ನು ಬಿಡಿಸಿದಳು. ಬಲ್ಬನ್ನು ತಿರುಗಿಸಿ ಬಿಚ್ಚಿ ಕೈಗೆ ತೆಗೆದುಕೊಂಡವಳು ಹಾಗೇ ನಿಂತುಬಿಟ್ಟಳು. ಎರಡೂ ಅಂಗೈ ನಡುವೆ ಅದನ್ನು ಹಿಡಿದುಕೊಂಡು ನೆಲಕ್ಕೆ ಕುಸಿದಳು.

'ಇನ್ನೂ ಬಿಸಿ ಇದೆ ಕಣೋ,' ಎಂದಳು.

ಮೇಷ್ಟ್ರು ಪಕ್ಕದಲ್ಲಿ ಕೂತರು. ಅದು ಪೂರ್ತಿ ತಣ್ಣಗಾಗುವವರೆಗೂ ಅಕ್ಕ ಕೈ ಬಿಡಲಿಲ್ಲ.